ತಾಂತ್ರಿಕ ಮಾನಕಗಳು: ಪ್ರತಿ ಪಡೆಯುವ ದಾರಿಗಳು

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಂಥ ಊರಿನಲ್ಲಿ ಕಬ್ಬಿನ ತೋಟಕ್ಕೆ ನೀರೆತ್ತುವ ಪಂಪ್‌ಸೆಟ್ಟಿನ ಮೈಮೇಲೆ ಸಣ್ಣದೊಂದು ತಗಡಿನ ಪಟ್ಟಿ ಇರುತ್ತದೆ. ಎಚ್‌ಪಿ, ವೋಲ್ಟ್, ಹೆಡ್ ಎಲ್ಲ ಕೆತ್ತಿರುವ ಆ ಪಟ್ಟಿಯಲ್ಲೇ ಐಎಸ್‌ಐ ಗುರುತೂ ಇರುತ್ತದೆ. ಗುರುತಿನ ನೆತ್ತಿಯ ಮೇಲೆ ‘ಐಎಸ್ 8034’ ಎಂದೋ ‘ಐಎಸ್ 14220’ ಎಂದೋ ಒಂದು ಸಂಖ್ಯೆ. ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಇನ್ನೊಂದು. ಕೊಳ್ಳುವವರು ಗುರುತು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ, ಸಂಖ್ಯೆಯನ್ನು ಓದುವವರು ಕಡಿಮೆ. ಕೆಳಗಿನದು ತಯಾರಕನ ಪರವಾನಗಿ ಸಂಖ್ಯೆ. ಮೇಲಿನದು ಒಂದು ಪುಸ್ತಿಕೆಯ ಸಂಖ್ಯೆ. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪಿನದಾದರೆ 8034, ತೆರೆದ ಬಾವಿಯದಾದರೆ 14220. ಪಂಪು ಯಾವ ಲೋಹದ್ದಾಗಿರಬೇಕು, ಎಷ್ಟು ವಿದ್ಯುತ್ ತಿನ್ನಬಹುದು, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದೆಲ್ಲ ಆ ಪುಸ್ತಿಕೆಯಲ್ಲಿದೆ. ಇಂಥ ಪುಸ್ತಿಕೆಗೇ ಮಾನಕ ಎಂದು ಹೆಸರು. ಎಂಜಿನಿಯರುಗಳ ಬಾಯಲ್ಲಿ ಅದು ‘ಐಎಸ್ ಕೋಡ್’.

ಭಾರತದಲ್ಲಿ ಈ ಐಎಸ್ ಮಾನಕಗಳನ್ನು ಬರೆಯುವ ಕೆಲಸ ಸ್ವಾತಂತ್ರ್ಯಕ್ಕಿಂತ ಕೆಲವು ತಿಂಗಳು ಮೊದಲೇ, 1947ರ ಜನವರಿಯಲ್ಲಿ, ಭಾರತೀಯ ಮಾನಕ ಸಂಸ್ಥೆಯ ಸ್ಥಾಪನೆಯೊಂದಿಗೆ ಶುರುವಾಯಿತು. ಇಂಗ್ಲಿಷಿನಲ್ಲಿ ಅದರ ಹೆಸರಿನ ಮೊದಲ ಅಕ್ಷರಗಳೇ ಐಎಸ್‌ಐ. 1986ರ ಕಾಯ್ದೆಯ ಮೂಲಕ ಅದು 1987ರ ಏಪ್ರಿಲ್ 1ರಂದು ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್ ಆಯಿತು. ಸಂಸ್ಥೆಯ ಹೆಸರು ಬದಲಾದರೂ ಗುರುತಿನ ಹೆಸರು ಜನರ ನಾಲಿಗೆಯ ಮೇಲೆ ಹಾಗೆಯೇ ಉಳಿಯಿತು. ಈಗ ಜಾರಿಯಲ್ಲಿರುವುದು 2016ರ ಕಾಯ್ದೆ. ಅದು ಜಾರಿಗೆ ಬಂದದ್ದು 2017ರ ಅಕ್ಟೋಬರ್ 12ರಂದು. ಬ್ಯೂರೊ ಪ್ರಕಟಿಸಿದ ಮಾನಕಗಳ ಸಂಖ್ಯೆ 20 ಸಾವಿರ ದಾಟಿದೆ.

ಆ ಸಾಲಿನಲ್ಲಿ ಒಂದನೇ ನಂಬರು ಪಡೆದದ್ದು ರಾಷ್ಟ್ರಧ್ವಜ. ಖಾದಿಯ ನೂಲು, ನೇಯ್ಗೆ, ಮೂರು ಬಣ್ಣಗಳ ಅಳತೆ, 6300 ಮಿ.ಮೀ. ಉದ್ದದ ದೊಡ್ಡ ಬಾವುಟದಿಂದ ಹಿಡಿದು 150 ಮಿ.ಮೀ.ಯ ಮೇಜಿನ ಬಾವುಟದವರೆಗೆ ಒಂಬತ್ತು ಗಾತ್ರಗಳು, ಎಲ್ಲವೂ ‘ಐಎಸ್ 1’ರಲ್ಲಿ ದಾಖಲಾಗಿವೆ. ಇದನ್ನು ಅಕ್ಷರಶಃ ಪಾಲಿಸಿ ಬಾವುಟ ಹೊಲಿಯುವ ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ 2006ರಲ್ಲಿ ಬಿಐಎಸ್ ಮನ್ನಣೆ ಸಿಕ್ಕಿತು. ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ.

ಮಾನಕವನ್ನು ಹುಡುಕಿ ಹೊರಟವರು ಮೊದಲು ಅದರ ಸಂಖ್ಯೆಯನ್ನು ಬಿಡಿಸಿ ಓದಲು ಕಲಿಯಬೇಕಾಗುತ್ತದೆ. ‘ಐಎಸ್ 10500 : 2012’ ಎಂದಿದ್ದರೆ 10500 ಕುಡಿಯುವ ನೀರಿನ ಮಾನಕಕ್ಕೆ ಕೊಟ್ಟ ಕಾಯಂ ಸಂಖ್ಯೆ, 2012 ಆ ಆವೃತ್ತಿಯ ವರ್ಷ. ಇದೇ ಸಂಖ್ಯೆಯಡಿ 1983ರಲ್ಲಿ ಮೊದಲ ಪ್ರತಿ, 1991ರಲ್ಲಿ ಇನ್ನೊಂದು ಆವೃತ್ತಿ ಬಂದಿದ್ದವು. ಆವೃತ್ತಿಗಳ ನಡುವೆ ಸಣ್ಣಪುಟ್ಟ ಬದಲಾವಣೆಯಾದರೆ ಬೇರೆ ಹಾಳೆಯಲ್ಲಿ ‘ತಿದ್ದುಪಡಿ 1’, ‘ತಿದ್ದುಪಡಿ 2’ ಎಂದು ಹೊರಬರುತ್ತವೆ. ಮೂಲ ಪ್ರತಿ ಕೈಯಲ್ಲಿದ್ದು ತಿದ್ದುಪಡಿಯ ಹಾಳೆ ಇಲ್ಲದಿದ್ದರೆ ಆ ಪ್ರತಿ ಅರ್ಧಕ್ಕೆ ನಿಂತಂತೆಯೇ. ಕೆಲವು ಸಲ ಸಂಖ್ಯೆಯೇ ಕಣ್ಮರೆಯಾಗುತ್ತದೆ. ಸಿಮೆಂಟಿನ 43 ಗ್ರೇಡಿಗೆ ಐಎಸ್ 8112, 53 ಗ್ರೇಡಿಗೆ ಐಎಸ್ 12269 ಎಂದು ಬಾಯಿಪಾಠ ಮಾಡಿದ್ದ ಮೇಸ್ತ್ರಿಗಳೂ ಗುತ್ತಿಗೆದಾರರೂ ಇಂದಿಗೂ ಇದ್ದಾರೆ. ಆದರೆ 2015ರ ಪರಿಷ್ಕರಣೆಯಲ್ಲಿ ಅವೆರಡೂ ಐಎಸ್ 269ರೊಳಗೆ ಸೇರಿಹೋಗಿವೆ.

ಪ್ರತಿ ಪಡೆಯುವ ಈಗಿನ ಮುಖ್ಯ ದಾರಿ ಬಿಐಎಸ್‌ನ ಜಾಲತಾಣ. ಮೊಬೈಲ್ ಸಂಖ್ಯೆ, ಇಮೇಲ್ ಕೊಟ್ಟು ಹೆಸರು ನೋಂದಾಯಿಸಿದರೆ ‘ನೋ ಯುವರ್ ಸ್ಟ್ಯಾಂಡರ್ಡ್ಸ್’ ಎಂಬ ವಿಭಾಗದಲ್ಲಿ ಸಂಖ್ಯೆಯಿಂದಲೋ ವಸ್ತುವಿನ ಹೆಸರಿನಿಂದಲೋ ಹುಡುಕಬಹುದು. ಭಾರತದಲ್ಲೇ ಬರೆದ ಮಾನಕಗಳನ್ನು ಕೆಲವು ವರ್ಷಗಳಿಂದ ಹಣವಿಲ್ಲದೆ ಇಳಿಸಿಕೊಳ್ಳಲು ಬಿಟ್ಟಿದ್ದಾರೆ. ಇಳಿಸಿಕೊಂಡ ಕಡತದ ಪುಟಗಳ ಅಂಚಿನಲ್ಲಿ ಅದನ್ನು ಪಡೆದವರ ಹೆಸರು, ದಿನಾಂಕ ಅಚ್ಚಾಗಿರುತ್ತವೆ. ಹೀಗಾಗಿ ಒಬ್ಬರ ಪ್ರತಿ ಹತ್ತು ಕೈ ದಾಟಿದರೂ ಮೊದಲು ಪಡೆದವರು ಯಾರೆಂಬುದು ಪುಟಪುಟದಲ್ಲೂ ಕಾಣುತ್ತದೆ. ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲೂ ಮಾನಕಗಳ ಹುಡುಕಾಟವಿದೆ. ಪಂಪಿನ ಪಟ್ಟಿಯ ಮೇಲಿನ ಸಿಎಂ/ಎಲ್ ಸಂಖ್ಯೆಯನ್ನು ಅದರಲ್ಲಿ ಒತ್ತಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಸಾಂಗ್ಲಿ, ಮಿರಜ, ಕೊಲ್ಲಾಪುರದ ಪೇಟೆಗಳಿಂದ ಪಂಪು, ಪೈಪು ತರುವ ಗಡಿಭಾಗದ ರೈತರಿಗೆ ಪುಸ್ತಿಕೆಗಿಂತ ಮೊದಲು ಬೇಕಾಗುವುದು ಇದೇ. ಹನಿ ನೀರಾವರಿಯ ಸಹಾಯಧನದಲ್ಲಂತೂ ಐಎಸ್‌ಐ ಗುರುತಿನ ಸಾಮಗ್ರಿಗೇ ಬೆಲೆ.

ಇಂಟರ್ನೆಟ್ಟು ಒಗ್ಗದವರಿಗೆ ಹಳೆಯ ದಾರಿ ಮುಚ್ಚಿಲ್ಲ. ದೆಹಲಿಯ ಬಹಾದೂರ್ ಷಾ ಜಾಫರ್ ಮಾರ್ಗದ ಮಾನಕ ಭವನದಲ್ಲಿ ಗ್ರಂಥಾಲಯವಿದೆ. ಮುಂಬಯಿ, ಚೆನ್ನೈ, ಕೋಲ್ಕತ್ತ, ಚಂಡೀಗಡದ ಪ್ರಾದೇಶಿಕ ಕಚೇರಿಗಳಲ್ಲೂ ಇವೆ. ಬೆಂಗಳೂರಿನ ಶಾಖಾ ಕಚೇರಿ ಇರುವುದು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ. ದಿಗ್ಗೇವಾಡಿಯಿಂದ ಹೊರಟು ಪೀಣ್ಯದಲ್ಲಿ ಕೂತು ಎಂಟು ಪುಟ ಓದಿ ಬರುವುದು ಯಾರಿಗೂ ಗಿಟ್ಟುವ ಮಾತಲ್ಲ, ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯಗಳೇ ಹತ್ತಿರ. ಚಿಕ್ಕೋಡಿಯಲ್ಲಿ ಅಂಥ ಕಾಲೇಜಿದೆ, ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಇದೆ. ಆ ವಿಶ್ವವಿದ್ಯಾಲಯದ ಸಿವಿಲ್ ಪರೀಕ್ಷೆಗಳಲ್ಲಿ ಕಾಂಕ್ರೀಟಿನ ಮಾನಕವಾದ ಐಎಸ್ 456ನ್ನು ತೆರೆದಿಟ್ಟುಕೊಂಡೇ ಉತ್ತರ ಬರೆಯಲು ಅವಕಾಶವಿರುವುದರಿಂದ, ಕಾಲೇಜು ಬೀದಿಯ ಝೆರಾಕ್ಸ್ ಅಂಗಡಿಗಳಲ್ಲಿ ಆ ಪುಸ್ತಿಕೆಯಷ್ಟು ನಕಲಾದ ಸರ್ಕಾರಿ ಪ್ರಕಟಣೆ ಇನ್ನೊಂದಿರಲಾರದು.

ಆ ನಕಲು ಕಾನೂನಿಗೆ ಒಪ್ಪುತ್ತದೆಯೇ? 2016ರ ಕಾಯ್ದೆಯ ಪ್ರಕಾರ ಮಾನಕಗಳ ಹಕ್ಕುಸ್ವಾಮ್ಯ ಬ್ಯೂರೊದ್ದು. ಅದರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದು, ಮರುಮುದ್ರಿಸುವುದು ನಿಷಿದ್ಧ. ಆದರೆ ಒಬ್ಬ ವ್ಯಕ್ತಿ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವುದಕ್ಕೆ ಅದೇ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಓದಲು ಒಂದು ಪ್ರತಿ ತೆಗೆದುಕೊಂಡ ವಿದ್ಯಾರ್ಥಿಗೆ ಭಯವಿಲ್ಲ, ನೂರು ಪ್ರತಿ ಬೈಂಡು ಹಾಕಿ ಮಾರಾಟಕ್ಕಿಟ್ಟ ಅಂಗಡಿಗೆ ಇದೆ.

ಮಾನಕಗಳು ಉಚಿತವಾದದ್ದು ಸುಲಭವಾಗಿ ಆದದ್ದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿಗೆ 13,760 ರೂಪಾಯಿ ಬೆಲೆಯಿತ್ತು. ಬೆಂಕಿ ಬಿದ್ದಾಗ ಜನ ಹೇಗೆ ಹೊರಬರಬೇಕು, ಮೆಟ್ಟಿಲು ಎಷ್ಟು ಅಗಲವಿರಬೇಕು ಎಂದು ಹೇಳುವ ಪುಸ್ತಕಕ್ಕೆ ಇಷ್ಟು ಹಣವೇ ಎಂದು ಪ್ರಶ್ನಿಸಿದವರಲ್ಲಿ ಮುಂದಿದ್ದವರು ಅಮೆರಿಕದ ಕಾರ್ಲ್ ಮಲಮುದ್. ಅವರ ‘ಪಬ್ಲಿಕ್ ರಿಸೋರ್ಸ್’ ಸಂಸ್ಥೆ ಭಾರತೀಯ ಮಾನಕಗಳನ್ನು ಕೊಂಡು, ಸ್ಕ್ಯಾನ್ ಮಾಡಿ, ಸಂಖ್ಯೆ–ವರ್ಷಗಳನ್ನೇ ಕಡತದ ಹೆಸರಾಗಿಸಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಗಟ್ಟಲೆ ಏರಿಸಿತು. ಬ್ಯೂರೊ ಆಕ್ಷೇಪಿಸಿತು. 2015ರಲ್ಲಿ ಮಲಮುದ್, ಶ್ರೀನಿವಾಸ್ ಕೊಡಾಲಿ ಮತ್ತು ‘ಇಂಡಿಯನ್ ಕಾನೂನ್’ ತಾಣವನ್ನು ಕಟ್ಟಿದ ಸುಶಾಂತ್ ಸಿನ್ಹಾ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಪಾಲಿಸಲೇಬೇಕಾದ ನಿಯಮವನ್ನು ಓದಲು ದುಡ್ಡು ಕೇಳಬಾರದು ಎಂಬುದು ಅವರ ವಾದದ ತಿರುಳು. ಸ್ಯಾಮ್ ಪಿತ್ರೋಡಾ ಜೊತೆ ಸೇರಿ ಮಲಮುದ್ 2018ರಲ್ಲಿ ಹೊರತಂದ ಪುಸ್ತಕದ ಹೆಸರು ‘ಕೋಡ್ ಸ್ವರಾಜ್’. ಆ ಸ್ಕ್ಯಾನ್ ಪ್ರತಿಗಳು ಈಗಲೂ ಉಪಯೋಗಕ್ಕೆ ಬರುತ್ತವೆ, ಮುಖ್ಯವಾಗಿ ಹಿಂತೆಗೆದುಕೊಂಡ ಹಳೆಯ ಆವೃತ್ತಿಗಳನ್ನು ನೋಡಲು. ಮೂವತ್ತು ವರ್ಷದ ಹಿಂದಿನ ನೀರಿನ ಟ್ಯಾಂಕನ್ನು ದುರಸ್ತಿ ಮಾಡುವವರಿಗೆ ಅದು ಕಟ್ಟಿದ ಕಾಲದ ನಿಯಮವೇ ಬೇಕಾಗುತ್ತದಲ್ಲ! ಆದರೆ ಇಂದು ಹೊಸದಾಗಿ ಕಟ್ಟುವವರು ಅದನ್ನು ನೆಚ್ಚಿಕೊಂಡರೆ ಕೆಟ್ಟರು: ಅಲ್ಲಿರುವ ಪ್ರತಿ ಹಳೆಯದೋ ಚಾಲ್ತಿಯದೋ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಎಲ್ಲವೂ ಉಚಿತವಲ್ಲ. ಸಂಖ್ಯೆ ‘ಐಎಸ್/ಐಎಸ್‌ಒ’ ಅಥವಾ ‘ಐಎಸ್/ಐಇಸಿ’ ಎಂದು ಶುರುವಾದರೆ ಅದು ಹೊರಗಿನಿಂದ ಎರವಲು ತಂದ ಮಾನಕ. ಮಾನಕಗಳನ್ನು ಬರೆಯುವ ಅಂತರರಾಷ್ಟ್ರೀಯ ಸಂಸ್ಥೆಗಳಾದ ಜಿನೀವಾದ ಐಎಸ್‌ಒ, ಅದಕ್ಕಿಂತ ಹಳೆಯದಾದ, 1906ರ ಐಇಸಿ ಎರಡಕ್ಕೂ ಪುಸ್ತಿಕೆ ಮಾರಾಟವೇ ಒಂದು ಆದಾಯ. ಹಾಗಾಗಿ ಅವುಗಳ ಭಾರತೀಯ ಪ್ರತಿಗೂ ದುಡ್ಡು ಕೊಡಬೇಕು. ಕಾರ್ಖಾನೆಗಳ ಗೇಟಿನ ಮೇಲೆ ಬೋರ್ಡು ಹಾಕಿಸಿಕೊಳ್ಳುವ ಐಎಸ್‌ಒ 9001 ಈ ಗುಂಪಿನದು. ಜಿನೀವಾದ ಬೆಲೆ ಸ್ವಿಸ್ ಫ್ರಾಂಕಿನಲ್ಲಿರುತ್ತದೆ, ಬಿಐಎಸ್‌ನದು ರೂಪಾಯಿಯಲ್ಲಿ. ಒಳಗಿನ ಪಾಠ ಒಂದೇ ಆದ್ದರಿಂದ ಭಾರತದಲ್ಲಿ ಕೊಳ್ಳುವವರು ಮೊದಲು ಇಲ್ಲಿನ ಪ್ರತಿಯನ್ನು ವಿಚಾರಿಸುವುದು ಜಾಣತನ. ರಸ್ತೆ, ಸೇತುವೆಗಳ ನಿಯಮಗಳನ್ನು ಬರೆಯುವುದು ಬಿಐಎಸ್ ಅಲ್ಲ, 1934ರಲ್ಲಿ ಹುಟ್ಟಿದ ಭಾರತೀಯ ರಸ್ತೆ ಕಾಂಗ್ರೆಸ್. ಹಳ್ಳಿ ರಸ್ತೆಯ ಡಾಂಬರು ಒಂದೇ ಮಳೆಗೆ ಎದ್ದುಹೋದಾಗ ಟೆಂಡರಿನಲ್ಲಿ ಕಾಣುವ ‘ಐಆರ್‌ಸಿ’ ಸಂಖ್ಯೆಯನ್ನು ಬಿಐಎಸ್ ತಾಣದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ಅವರ ಪ್ರಕಟಣಾ ವಿಭಾಗಕ್ಕೇ ಹೋಗಬೇಕು.

ಒಂದೇ ವಸ್ತುವಿಗೆ ಎರಡು ಮಾನಕಗಳಿರುವುದೂ ಉಂಟು. ಕೃಷ್ಣೆಯ ಈ ಸೀಮೆಯಲ್ಲಿ ಅದಕ್ಕೆ ಬೆಲ್ಲಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬಿಐಎಸ್‌ನ ಐಎಸ್ 12923 : 1990 ಕಬ್ಬಿನ ಬೆಲ್ಲವನ್ನು ಎರಡು ದರ್ಜೆ ಮಾಡುತ್ತದೆ. ಮೊದಲ ದರ್ಜೆಗೆ ಸುಕ್ರೋಸ್ ಕನಿಷ್ಠ ಶೇ 80, ತೇವ ಹೆಚ್ಚೆಂದರೆ ಶೇ 5. ಎರಡನೆಯದಕ್ಕೆ ಸುಕ್ರೋಸ್ ಶೇ 70, ತೇವ ಶೇ 7. ಗಂಧಕದ ಡೈಆಕ್ಸೈಡ್ ಎರಡರಲ್ಲೂ 50 ಪಿಪಿಎಂ ದಾಟಬಾರದು. ಇದನ್ನು ಪಾಲಿಸುವುದು ಬಿಡುವುದು ತಯಾರಕನ ಇಷ್ಟ. ಎರಡನೆಯದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಬಂಧನೆ. ಒಟ್ಟು ಸಕ್ಕರೆ ಅಂಶ ಶೇ 90ಕ್ಕೆ, ಅದರಲ್ಲಿ ಸುಕ್ರೋಸ್ ಶೇ 60ಕ್ಕೆ ಕಡಿಮೆ ಇರಬಾರದು, ಗಟ್ಟಿ ಬೆಲ್ಲದಲ್ಲಿ ತೇವ ಶೇ 10 ಮೀರಬಾರದು, ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು ಎನ್ನುತ್ತದೆ ಅದು. ಇದು ಕಾನೂನು, ತಪ್ಪಿದರೆ ದಂಡ.

ಗಂಧಕದ ಮಾತು ಇಲ್ಲಿ ಸುಮ್ಮನೆ ಬಂದಿಲ್ಲ. ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಪ್ಪರಿಗೆಗೆ ‘ಹೈಡ್ರೋಸ್’ ಎಂಬ ಬಿಳಿ ಪುಡಿ ಹಾಕಿದರೆ ಬೆಲ್ಲಕ್ಕೆ ಹಳದಿ ಹೊಳಪು ಬರುತ್ತದೆ. ಪೇಟೆಯಲ್ಲಿ ಹಳದಿ ಪೆಂಟಿಗೇ, ಅಂದರೆ ಬೆಲ್ಲದ ಅಚ್ಚಿಗೇ, ಹೆಚ್ಚು ದರ. ಪುಡಿ ಜಾಸ್ತಿಯಾದಷ್ಟೂ ಗಂಧಕದ ಡೈಆಕ್ಸೈಡ್ ಉಳಿಕೆ ಏರುತ್ತದೆ. ಹೀಗಾಗಿ ಬೆಲ್ಲ ಮಾಡುವವನಿಗೆ 70 ಎಂಬ ಅಂಕಿ ಗೊತ್ತಿರಲೇಬೇಕು. ಅದನ್ನು ಪಡೆಯುವುದು ಬಿಐಎಸ್ ಪುಸ್ತಿಕೆಗಿಂತ ಸುಲಭ: ನಿಬಂಧನೆ ಭಾರತ ಸರ್ಕಾರದ ಗೆಜೆಟ್ಟಿನಲ್ಲಿ ಪ್ರಕಟವಾದದ್ದು, ಪ್ರಾಧಿಕಾರದ ತಾಣದಲ್ಲಿ ನೋಂದಣಿಯಿಲ್ಲದೆ ಸಿಗುತ್ತದೆ. ತೊಡಕಿರುವುದು ಗಾತ್ರದಲ್ಲಿ. ಹಾಲು, ಎಣ್ಣೆ, ಮಸಾಲೆ ಎಲ್ಲವನ್ನೂ ತುಂಬಿಕೊಂಡ ನೂರಾರು ಪುಟಗಳ ನಡುವೆ ಬೆಲ್ಲದ ನಾಲ್ಕು ಸಾಲು ಅಡಗಿ ಕೂತಿವೆ.

ಸಕ್ಕರೆಯ ಕತೆ ಇದಕ್ಕಿಂತ ಸೊಗಸು. ಅದರ ಮಾನಕ ಬರೀ ಕಾಗದವಲ್ಲ, ಗಾಜಿನ ಬಾಟಲಿ! ಉಗಾರ ಖುರ್ದದಲ್ಲಿ 1939ರಲ್ಲಿ ಹುಟ್ಟಿದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳವರೆಗೆ ಈ ಸೀಮೆಯ ಸಕ್ಕರೆ ಚೀಲಗಳ ಮೇಲೆ ‘ಎಸ್-30’, ‘ಎಂ-30’ ಎಂಬ ಗುರುತು ಕಾಣುತ್ತದೆ. ಅಕ್ಷರ ಹರಳಿನ ಗಾತ್ರವನ್ನು ಹೇಳುತ್ತದೆ: ಎಸ್ ಸಣ್ಣದು, ಎಂ ನಡುಗಾತ್ರ, ಎಲ್ ದಪ್ಪ. ಅಂಕಿ ಬಣ್ಣದ್ದು. ಬಣ್ಣ, ಹರಳು ಅಳೆಯುವ ವಿಧಾನ ಐಎಸ್ 498ರಲ್ಲಿದೆ. ಆದರೆ ಬಿಳುಪನ್ನು ಮಾತಿನಲ್ಲಿ ಎಷ್ಟೆಂದು ವಿವರಿಸುವುದು? ಅದಕ್ಕಾಗಿ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಪ್ರತಿ ಹಂಗಾಮಿಗೂ ಒಂದೊಂದು ದರ್ಜೆಯ ಸಕ್ಕರೆಯನ್ನು ಮೊಹರು ಮಾಡಿದ ಬಾಟಲಿಗಳಲ್ಲಿ ತುಂಬಿ ಹಂಚುತ್ತದೆ. ಕಾರ್ಖಾನೆಯವರು ಹಣ ಕೊಟ್ಟು ತರಿಸಿಕೊಳ್ಳಬೇಕು. ಪ್ರಯೋಗಾಲಯದ ಕೆಮಿಸ್ಟ್ ಆಗತಾನೇ ಇಳಿದ ಸಕ್ಕರೆಯನ್ನು ಆ ಬಾಟಲಿಯ ಪಕ್ಕದಲ್ಲಿಟ್ಟು, ಕಣ್ಣಿನಲ್ಲೇ ತಾಳೆ ನೋಡಿ ದರ್ಜೆ ಬರೆಯುತ್ತಾರೆ. ಹಂಗಾಮು ಮುಗಿದರೆ ಬಾಟಲಿಯ ಕಾಲವೂ ಮುಗಿಯಿತು, ಮುಂದಿನ ವರ್ಷಕ್ಕೆ ಹೊಸ ಸೆಟ್ಟು. ಈ ಮಾನಕವನ್ನು ಝೆರಾಕ್ಸ್ ಮಾಡುವಂತಿಲ್ಲ, ಇಂಟರ್ನೆಟ್ಟಿಗೆ ಏರಿಸುವಂತಿಲ್ಲ. ಸಕ್ಕರೆ ಪರೀಕ್ಷೆಯ ಅಂತರರಾಷ್ಟ್ರೀಯ ವಿಧಾನಗಳನ್ನು 1897ರಲ್ಲಿ ಶುರುವಾದ ‘ಇಕುಮ್ಸಾ’ ಎಂಬ ಆಯೋಗ ರೂಪಿಸುತ್ತದೆ. ಅದರ ಕೈಪಿಡಿ ಬರ್ಲಿನ್ನಿನ ಪ್ರಕಾಶಕರಿಂದ ದುಡ್ಡಿಗೆ ಬರುತ್ತದೆ. ಅಷ್ಟು ದೂರ ಹೋಗಬೇಕಿಲ್ಲದವರಿಗೆ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ.

ಮನೆಮನೆಗೂ ತಟ್ಟುವ ಮಾನಕ ನೀರಿನದು. ಕೃಷ್ಣಾ ತೀರದ ಕಬ್ಬಿನ ಸೀಮೆಯಲ್ಲಿ ಅತಿ ನೀರಾವರಿಯಿಂದ ಸವಳು–ಜವಳು ಹಿಡಿದ ಭೂಮಿ ಬಹಳ. ನೆಲದ ಉಪ್ಪು, ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೆ ಇಳಿದಾವೆಂಬ ಚಿಂತೆ ಸಹಜ. 2019ರಲ್ಲಿ ಘೋಷಣೆಯಾದ ಜಲಜೀವನ ಮಿಷನ್ ದಿನಕ್ಕೆ ತಲಾ 55 ಲೀಟರ್ ನೀರನ್ನು ನಲ್ಲಿಯಲ್ಲಿ ಕೊಡಬೇಕು ಎನ್ನುವಾಗ, ಆ ನೀರು ಐಎಸ್ 10500ಕ್ಕೆ ಒಪ್ಪಬೇಕು ಎಂದೂ ಹೇಳುತ್ತದೆ. ಈ ಮಾನಕದ ಕೋಷ್ಟಕದಲ್ಲಿ ಮಿತಿಗೆ ಎರಡು ಕಾಲಮುಗಳಿವೆ. ಒಂದು ಸ್ವೀಕಾರಾರ್ಹ ಮಿತಿ, ಇನ್ನೊಂದು ಬೇರೆ ಮೂಲವೇ ಇಲ್ಲದಿದ್ದಾಗ ಒಪ್ಪಬಹುದಾದ ಮಿತಿ. ಕರಗಿದ ಒಟ್ಟು ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿ.ಗ್ರಾಂ, ಗತಿಯಿಲ್ಲದಿದ್ದರೆ 2000. ಫ್ಲೋರೈಡ್ 1, ಇಲ್ಲವೇ 1.5. ನೈಟ್ರೇಟ್ 45, ಅದಕ್ಕೆ ರಿಯಾಯಿತಿಯೇ ಇಲ್ಲ. ನೀರು ಶುದ್ಧೀಕರಣ ಯಂತ್ರ ಮಾರಲು ಬಂದವರು ಪೆನ್ನಿನಂಥ ಮೀಟರನ್ನು ಲೋಟದಲ್ಲದ್ದಿ ಟಿಡಿಎಸ್ 400 ತೋರಿಸಿ ಹೆದರಿಸುವಾಗ, ಈ ಒಂದು ಪುಟ ಕೈಯಲ್ಲಿದ್ದ ಗ್ರಾಮ ಪಂಚಾಯಿತಿ ಸದಸ್ಯ ನಗಬಹುದು. ಅದೇ ಪುಟ ಕೈಯಲ್ಲಿದ್ದರೆ ಮೀಟರ್ ಎಂದೂ ತೋರಿಸದ ನೈಟ್ರೇಟಿನ ಬಗ್ಗೆ ಕೇಳಲೂಬಹುದು.

ಆದರೆ ಕೋಷ್ಟಕ ಓದಿದರೆ ಕೆಲಸ ಮುಗಿಯುವುದಿಲ್ಲ. ಹೆಚ್ಚಿನ ಸಾಲುಗಳಲ್ಲಿ ಪರೀಕ್ಷಾ ವಿಧಾನಕ್ಕಾಗಿ ‘ಐಎಸ್ 3025 ನೋಡಿ’ ಎಂದಿರುತ್ತದೆ, ಆ 3025 ಹತ್ತಾರು ಭಾಗಗಳಲ್ಲಿ ಹರಡಿಕೊಂಡಿದೆ. ಒಂದು ಮಾನಕ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ದುಡ್ಡು ಕೊಟ್ಟು ಕೊಳ್ಳುವ ಕಾಲದಲ್ಲಿ ಜೇಬಿಗೆ ನಿಜವಾಗಿ ಕತ್ತರಿ ಬೀಳುತ್ತಿದ್ದುದು ಇಲ್ಲಿಯೇ.

ಕನ್ನಡದ ಅಕ್ಷರಗಳಿಗೂ ಮಾನಕವಿದೆ. ಭಾರತೀಯ ಲಿಪಿಗಳ ಗಣಕ ಸಂಕೇತಗಳನ್ನು ‘ಇಸ್ಕಿ’ ಹೆಸರಿನಲ್ಲಿ ಐಎಸ್ 13194 : 1991 ನಿಗದಿಪಡಿಸಿತು. ಅದಕ್ಕೂ ಹಿಂದಿನ 1988ರ ಇಸ್ಕಿಯ ವಿನ್ಯಾಸವನ್ನು ಆಧರಿಸಿಯೇ ಯೂನಿಕೋಡ್ ಕನ್ನಡಕ್ಕೆ ಜಾಗ ಮಾಡಿಕೊಟ್ಟದ್ದು. ಯೂನಿಕೋಡ್ ಪುಸ್ತಕ ಯಾರಿಗೂ ಉಚಿತ. ಅದಕ್ಕೆ ಸಮನಾದ ಐಎಸ್‌ಒ/ಐಇಸಿ 10646 ಸಹ, ಜಿನೀವಾದವರು ಕೈಬಿಚ್ಚಿ ಕೊಡುವ ಕೆಲವೇ ಮಾನಕಗಳಲ್ಲಿ ಒಂದು. ಇಂಟರ್ನೆಟ್ಟಿನ ಒಳ ನಿಯಮಗಳಾದ ‘ಆರ್‌ಎಫ್‌ಸಿ’ಗಳಂತೂ 1969ರಿಂದಲೂ ಮುಕ್ತ. ಆಹಾರ ವಸ್ತುಗಳ ಅಂತರರಾಷ್ಟ್ರೀಯ ಮಾನಕವಾದ ಕೋಡೆಕ್ಸ್ ಕೂಡ ಹಾಗೆಯೇ. ಯೂರೋಪಿನಲ್ಲಿ ಈ ವಿಚಾರ ಅಲ್ಲಿನ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು: ಆಟಿಕೆಗಳ ಸುರಕ್ಷತೆಯ ಮಾನಕಗಳನ್ನು ನೋಡಲು ಕೊಡಿ ಎಂದು ಮಲಮುದ್ ಅವರದೇ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ, ಕಾನೂನಿನ ಭಾಗವಾದ ಮಾನಕವನ್ನು ಜನರಿಂದ ಮುಚ್ಚಿಡುವಂತಿಲ್ಲ ಎಂಬ ಅರ್ಥದ ತೀರ್ಪು 2024ರ ಮಾರ್ಚ್ 5ರಂದು ಬಂತು.

ಹೊರದೇಶಕ್ಕೆ ಬೆಲ್ಲವನ್ನೋ ಚಪ್ಪಲಿಯನ್ನೋ ಕಳಿಸುವವರಿಗೆ ಆ ದೇಶದ ನಿಯಮ ಬೇಕಾಗುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಪ್ರಕಾರ ಪ್ರತಿ ಸದಸ್ಯ ದೇಶವೂ ಇಂಥ ವಿಚಾರಣೆಗೆ ಉತ್ತರಿಸುವ ಕೇಂದ್ರವೊಂದನ್ನು ಇಟ್ಟಿರಬೇಕು. ಭಾರತದಲ್ಲಿ ತಾಂತ್ರಿಕ ನಿಯಮಗಳಿಗೆ ಬಿಐಎಸ್ ಅಂಥ ಕೇಂದ್ರ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳೂ ಹೊಲಿಯುವ ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ಸೇರಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ಚಪ್ಪಲಿ ಹೇಗಿರಬೇಕು, ಯಾವ ಜಿಲ್ಲೆಗಳದು ಎಂಬ ವಿವರಣೆ ಚೆನ್ನೈನ ಭೌಗೋಳಿಕ ಸೂಚಕ ನೋಂದಣಿ ಕಚೇರಿಯ ದಾಖಲೆಗಳಲ್ಲಿದೆ. ಅದನ್ನೂ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಅಚ್ಚಾಗುವ ಮೊದಲೇ ಮಾನಕವನ್ನು ಓದುವ ಅವಕಾಶವೂ ಇದೆ. ಹೊಸ ಮಾನಕವಾಗಲಿ ಪರಿಷ್ಕರಣೆಯಾಗಲಿ, ಕರಡನ್ನು ಬಿಐಎಸ್ ತನ್ನ ತಾಣದಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಇಡುತ್ತದೆ. ಎಷ್ಟನೇ ಕಲಮಿಗೆ ಆಕ್ಷೇಪ, ಯಾಕೆ, ಅದರ ಬದಲು ಏನು ಬರೆಯಬೇಕು ಎಂದು ಸೂಚಿಸಿ ಯಾರು ಬೇಕಾದರೂ ಉತ್ತರ ಬರೆಯಬಹುದು. ಬೆಲ್ಲದ ಮಾನಕ ಪರಿಷ್ಕರಣೆಗೆ ಬಂದಾಗ ಹಳದಿ ಪೆಂಟಿಗೂ ಕಪ್ಪು ಪೆಂಟಿಗೂ ಇರುವ ವ್ಯತ್ಯಾಸವನ್ನು ಕೊಪ್ಪರಿಗೆಯ ಮುಂದೆ ನಿಂತು ಬಲ್ಲವರು ಆ ಸಮಿತಿಗೆ ಬರೆದರೆ ಅದು ದಾಖಲಾಗುತ್ತದೆ, ಸಮಿತಿ ಅದನ್ನು ಚರ್ಚೆಗೆ ತೆಗೆದುಕೊಳ್ಳಬೇಕಾಗುತ್ತದೆ. ಸದ್ಯಕ್ಕೆ ಆ ಕರಡುಗಳು ಬರುವುದು ಬಹುಪಾಲು ಇಂಗ್ಲಿಷಿನಲ್ಲಿ. ರಾಯಬಾಗದ ಗಾಣದವರು ಅಲ್ಲಿಗೆ ತಲುಪಲು ಕಾಲೇಜಿನ ಅಧ್ಯಾಪಕರೋ ರೈತ ಉತ್ಪಾದಕರ ಸಂಘದವರೋ ನಡುವೆ ನಿಂತು ಓದಿ ಹೇಳಬೇಕು.